ಕೆರೆಯ ಪಕ್ಕದ ತಿರುವು

ನಮ್ಮ ಸೊರಬಕ್ಕೆ ರೈಲು ಬಂದಿಲ್ಲ. ಹಾಗಾಗಿ ಅದನ್ನು ನಾನೇ ಮನೆಯ ಮೇಜಿನ ಮೇಲೆ ಮಾಡಿಕೊಳ್ಳುತ್ತಿದ್ದೇನೆ. ಸೊರಬದಿಂದ ಆನವಟ್ಟಿಗೆ ಓಡುವ ಪುಟ್ಟ ರೈಲಿನ ಹಾದಿಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಹಲಗೆಯಲ್ಲಿ ಕೊರೆಸಲು ಶಿಕಾರಿಪುರದ ಲೇಸರ್ ಅಂಗಡಿಗೆ ಒಯ್ದೆ.

ಪರದೆಯ ಮೇಲೆ ನಕ್ಷೆ ತೆರೆದುಕೊಂಡಿತು. ಹೊಸ ಮನೆಗೆ ನಾಮಫಲಕ ಮಾಡಿಸಲು ಬಂದು ಕೂತಿದ್ದ ಹಿರಿಯರೊಬ್ಬರು ಎದ್ದು ಬಂದು, ಆನವಟ್ಟಿಯ ಕೆರೆಯ ಪಕ್ಕ ಬೆರಳಿಟ್ಟರು.

“ಸಾಹೇಬ್ರ, ಇಲ್ಲೇ ನಮ್ಮ ಮನಿ ಐತಿ. ಮೊನ್ನೆನೇ ಗೃಹಪ್ರವೇಶ ಆತು. ನಿಮ್ಮ ಲೈನು ಅಡುಗೆಮನಿ ಮ್ಯಾಲೆ ಹೊಂಟೈತಿ.”

“ಇದು ಆಟದ ರೈಲು ರೀ, ಯಜಮಾನ್ರೆ.”

“ಸರ್ವೆಗೆ ಬಂದೋರು ಮೊದಲು ಹಿಂಗೇ ಹೇಳೋದು ರೀ.”

ಚೀಲದಿಂದ ಎಂಜಿನ್ ತೆಗೆದು ಅಂಗೈ ಮೇಲಿಟ್ಟು ತೋರಿಸಿದೆ. ಅವರು ಅದನ್ನು ಬರಲಿರುವ ರೈಲಿನ ಸ್ಯಾಂಪಲ್ ಎಂದುಕೊಂಡರು. ಬೆರಳನ್ನು ಮಾತ್ರ ನಕ್ಷೆಯಿಂದ ತೆಗೆಯಲಿಲ್ಲ.

“ಸರಿಸಿಬಿಡಿ ಸಾರ್, ಮೌಸ್ ಎಳೆದರೆ ಆಯ್ತು” ಎಂದ ಅಂಗಡಿಯವನು.

ಹಳಿಯನ್ನು ಕೆರೆಯ ಆಚೆ ದಡಕ್ಕೆ ಬಾಗಿಸಿದೆ. ಅವರು ಪರದೆಗೆ ಮುಖ ತಾಗುವಷ್ಟು ಬಗ್ಗಿ, “ಇನ್ನೊಂಚೂರು” ಎಂದರು. ಇನ್ನೊಂಚೂರು ಬಾಗಿಸಿದೆ. ಲೇಸರ್ ಕೊರೆದು ಮುಗಿಸುವವರೆಗೂ ಕಾವಲು ನಿಂತು, ಆಮೇಲೆ ನನಗೆ ಚಹಾ ಕುಡಿಸಿ, ನಾಮಫಲಕವನ್ನು ಎದೆಗವಚಿಕೊಂಡು ನೆಮ್ಮದಿಯಿಂದ ಬಸ್ಸು ಹತ್ತಿದರು.

ಈಗ ನನ್ನ ರೈಲು ಆ ತಿರುವಿನಲ್ಲಿ ಆಗಾಗ ಹಳಿ ತಪ್ಪುತ್ತದೆ. ನೋಡಲು ಬಂದ ಗೆಳೆಯರು, ನೇರ ಮಾಡಬಾರದೇ ಎನ್ನುತ್ತಾರೆ. ಸಾಧ್ಯವಿಲ್ಲ, ಅಲ್ಲಿ ಒಂದು ಸಂಸಾರ ವಾಸವಾಗಿದೆ ಎನ್ನುತ್ತೇನೆ.