ಬಾರದ ಬಸ್ಸಿಗೆ ಅಪ್ಪ ಹಿಡಿದ ಸೀಟು

ಹೋದ ವರ್ಷದ ಬೇಸಿಗೆ ರಜೆ. ಮೈಸೂರಿನಿಂದ ಅಪ್ಪ ಅಮೆರಿಕದ ನಮ್ಮ ಪ್ಲೇನ್ಸ್‌ಬರೋ ಮನೆಗೆ ಬಂದಿದ್ದರು. ಆಗಲೇ ಅವರಿಗೆ ಸ್ವಲ್ಪ ಮರೆವು ಶುರುವಾಗಿತ್ತು. ನ್ಯೂಜೆರ್ಸಿಯಲ್ಲಿ ಮಾಲ್, ದೇವಸ್ಥಾನ ಬಿಟ್ಟು ಇನ್ನೇನು ತೋರಿಸುವುದು ಅಂತ ನೆವಾಡಾಕ್ಕೆ ಹಾರಿ, ಬಾಡಿಗೆ ಕಾರಿನಲ್ಲಿ ಮರುಭೂಮಿ ನೋಡಲು ಹೊರಟೆವು. ಐಡಿಯಾ ನನ್ನದೇ. ಬೈಯುವವರು ನನ್ನನ್ನೇ ಬೈಯಿರಿ.

ದಾರಿಯಲ್ಲಿ ಒಂದು ಪುಟ್ಟ ಊರು. ಊರು ಅಂದರೆ ಒಂದು ಗ್ಯಾಸ್ ಸ್ಟೇಷನ್, ಬಾಗಿಲು ಮುಚ್ಚಿದ ನಾಲ್ಕಾರು ಮನೆ, ಅಷ್ಟೇ. ಆದರೆ ಸ್ಮಾರಕಗಳಿಗೇನೂ ಕಮ್ಮಿಯಿಲ್ಲ! ಗಣಿ ಕೆಲಸದವರ ಹಳೇ ಬೂಟು ಪೇರಿಸಿದ ಗೋಪುರ, ಮೂತಿ ನೆಲದಲ್ಲಿ ಹೂತು ನೆಟ್ಟಗೆ ನಿಂತ ಲಾರಿ. ರಸ್ತೆ ಬದಿಯಲ್ಲಿ ಒಂದು ಬಸ್ ಸ್ಟಾಪು. ಅದರ ಉದ್ದನೆಯ ಬೆಂಚಿನ ಮೇಲೆ ಆಳಿನಷ್ಟೇ ದೊಡ್ಡ ತಗಡಿನ ಜನ ಬಸ್ಸಿಗೆ ಕಾಯುತ್ತಾ ಕೂತಿದ್ದಾರೆ. ಬಸ್ಸು ಬರುವುದು ನಿಂತು ಎಷ್ಟೋ ವರ್ಷವಾಯಿತು, ಇವರಿನ್ನೂ ಎದ್ದಿಲ್ಲ ಅಂತ ಪಕ್ಕದ ಬೋರ್ಡಿನಲ್ಲಿ ಬರೆದಿತ್ತು.

"ಕಾರಲ್ಲೇ ಇರಿ ಅಪ್ಪ, ಒಂದೆರಡು ಫೋಟೋ ತಕ್ಕೊಂಡು ಬಂದ್ಬಿಡ್ತೀವಿ" ಅಂದೆ. ಎಸಿ ಹಾಕಿಯೇ ಹೋದೆವು. ಗಂಡ ಮೋಹನ್, ಮಗಳು ಅನಿಕಾ, ನಾನು ಬೂಟಿನ ಗೋಪುರದ ಮುಂದೆ, ಲಾರಿಯ ಮುಂದೆ ಪೋಸ್ ಕೊಟ್ಟು ವಾಪಸ್ ಬಂದರೆ ಕಾರಿನ ಬಾಗಿಲು ತೆರೆದಿದೆ.

"ಅಮ್ಮಾ, ತಾತ ಈಸ್ ಗಾನ್!" ಅನಿಕಾ ಕಿರುಚಿದಳು.

ನೆರಳಿಗೆ ಒಂದು ಮರವೂ ಇಲ್ಲದ ಜಾಗ. ಕಾದ ಹೆಂಚಿನಂಥ ಬಿಸಿಲು. ವಯಸ್ಸಾದ ಜೀವ ಎಷ್ಟು ಹೊತ್ತು ತಡೆದೀತು? ಕೂಗಿದೆವು. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಮೋಹನ್ ಮನೆಗಳ ಹಿಂದೆ ಓಡಿದರು, ನಾನು ರಸ್ತೆಯುದ್ದಕ್ಕೂ. ಆ ತಗಡಿನ ಜನರ ಮುಂದೆಯೇ ಹೋದೆ, ಬಂದೆ. ಮತ್ತೆ ಹೋಗುವಾಗ ಕಣ್ಣಿಗೆ ಬಿತ್ತು: ಬೆಂಚಿನ ಮೇಲೆ ಹರಡಿದ ನೀಲಿ ಚೌಕಳಿ ಕರವಸ್ತ್ರ. ಅಪ್ಪನದು.

ಅದರ ಒಂದು ಬದಿಗೆ ಬೆಂಚಿಗೆ ಕೈಯೂರಿದ ತಗಡಿನ ಹೆಂಗಸು. ಇನ್ನೊಂದು ಬದಿಗೆ ಅಪ್ಪ. ಬೂದು ಶರಟು, ಮೈಯೆಲ್ಲ ಧೂಳು, ನೋಟ ರಸ್ತೆಯ ಕಡೆ. ರೆಪ್ಪೆ ಕೂಡ ಅಲುಗುತ್ತಿರಲಿಲ್ಲ.

"ಅಪ್ಪಾ! ಅಷ್ಟು ಕೂಗಿದ್ದು ಕೇಳಿಸ್ಲಿಲ್ವಾ?"

ನಿಧಾನಕ್ಕೆ ತಿರುಗಿದರು. "ಯಾಕೇ ಹಾಗೆ ಕಿರುಚ್ತೀಯಾ? ನಿಂಗೂ ಸೀಟ್ ಹಿಡಿದಿದ್ದೀನಲ್ಲ, ಕೂತ್ಕೋ."

ನಾನು ಚಿಕ್ಕವಳಿದ್ದಾಗ ಕೆಂಪು ಬಸ್ಸಿನ ಕಿಟಕಿಯೊಳಗೆ ಕರವಸ್ತ್ರ ಎಸೆದು ಸೀಟು ಹಿಡಿಯುತ್ತಿದ್ದ ಅದೇ ಅಪ್ಪ. ಅಳು ಬಂತು. ಮೋಹನ್ ಓಡಿ ಬಂದು ನೀರು ಕುಡಿಸಿದರು. ಎಬ್ಬಿಸಲು ಹೋದರೆ ಅಪ್ಪ ಆ ತಗಡಿನ ಹೆಂಗಸಿನ ಕಡೆ ಕಣ್ಣು ತೋರಿಸಿ ದನಿ ತಗ್ಗಿಸಿದರು.

"ಪಾಪ ಕಣೇ. ಇವ್ರ ಮನೆಯೋರೂ ಫೋಟೋ ತಕ್ಕೊಂಡು ಬರ್ತೀವಿ ಅಂತ ಹೋದ್ರಂತೆ. ಇನ್ನೂ ಬಂದಿಲ್ಲ."



ಕರವಸ್ತ್ರ ತೆಗೆದುಕೊಳ್ಳಲು ಬಗ್ಗಿದೆ. ನನ್ನ ಟೋಪಿಯನ್ನೇ ಹಾರಿಸಿದ್ದ ಗಾಳಿ ಅದನ್ನು ಹಾರಿಸಿರಲಿಲ್ಲ. ನೋಡಿದರೆ ಅದರ ತುದಿ ಆ ಹೆಂಗಸಿನ ಅಂಗೈ ಕೆಳಗಿದೆ. ಎಳೆದೆ, ಬರಲಿಲ್ಲ.

"ಬಿಡೇ, ಇರ್ಲಿ" ಅಂದರು ಅಪ್ಪ. "ಅವ್ರ ಮನೆಯೋರು ಬಂದ್ರೆ ಸೀಟ್ ಬೇಡ್ವಾ?"

ಅಪ್ಪನೇ ಸಿಕ್ಕಿಸಿರಬೇಕು ಅಂತ ಮೋಹನ್ ಇವತ್ತಿಗೂ ವಾದಿಸುತ್ತಾರೆ. ಇರಬಹುದು. ಆದರೆ ಆ ಕೈಗೆ ಸಂದೇ ಇಲ್ಲದ ಹಾಗೆ ಬೆಂಚಿಗೆ ಬೆಸುಗೆ ಹಾಕಿತ್ತು. ನಾನೇ ಮುಟ್ಟಿ ನೋಡಿದ್ದೇನೆ.

ಅವತ್ತಿನಿಂದ ಅಪ್ಪನನ್ನು ಎಲ್ಲೂ ಒಬ್ಬರನ್ನೇ ಕೂರಿಸಿ ಹೋಗಿಲ್ಲ. "ಇಲ್ಲೇ ಇರಿ, ಬಂದ್ಬಿಡ್ತೀವಿ" ಅನ್ನುವ ಮಾತು ಬಾಯಿಗೆ ಬಂದರೆ ಸಾಕು, ಆ ತಗಡಿನ ಹೆಂಗಸು ರಸ್ತೆ ನೋಡುವುದು ಬಿಟ್ಟು ನನ್ನ ಕಡೆ ತಿರುಗಿದ ಹಾಗಾಗುತ್ತದೆ.