ಮಲ್ಲಿಗೆಗೆ ಸೋಮವಾರದ ವ್ರತ

ನಾನು ಮದುವೆಯಾಗಿ ದಾವಣಗೆರೆಗೆ ಬಂದ ಹೊಸದರಲ್ಲಿ ನಮ್ಮ ಮನೆಯ ಅಂಗಳಕ್ಕೆ ನಲ್ಲಿ ಬಂತು. ಐವತ್ತರ ದಶಕದ ಕೊನೆಯ ಮಾತು. ಅಲ್ಲಿಯವರೆಗೆ ಬಾವಿಯಿಂದ ಸೇದಿದ ನೀರನ್ನು ಲೆಕ್ಕವಿಟ್ಟು ಬಳಸುತ್ತಿದ್ದವರು ನಲ್ಲಿ ತಿರುಗಿಸಿದೊಡನೆ ದಾನಶೂರರಾದರು. ದಾನಕ್ಕೆ ಸಿಕ್ಕಿದ್ದು ನನ್ನ ಮಲ್ಲಿಗೆ ಗಿಡ.

ಹರಿಹರದ ತವರಿನಿಂದ ಮಡಿಲಲ್ಲಿಟ್ಟುಕೊಂಡು ತಂದ ದುಂಡುಮಲ್ಲಿಗೆ ಅದು. ಅಲ್ಲಿಯದು ಹೊಳೆದಂಡೆಯ ಮರಳುಮಣ್ಣು. ಹಾಕಿದ ನೀರು ನಿಲ್ಲುತ್ತಿರಲಿಲ್ಲ. ಇಲ್ಲಿಯದು ಎರೆಮಣ್ಣು, ಕುಡಿದದ್ದನ್ನು ಬಿಟ್ಟುಕೊಡುವ ಜಾತಿಯಲ್ಲ. ಬೆಳಿಗ್ಗೆ ಮುಖ ತೊಳೆದ ಮೇಲೆ ಮಾವನವರದು ಒಂದು ಚೊಂಬು. ಪೂಜೆ ಮುಗಿಸಿ ಅತ್ತೆಯವರದು ಒಂದು ತಂಬಿಗೆ. ಹತ್ತಿ ಅಂಗಡಿಯಿಂದ ಊಟಕ್ಕೆ ಬಂದ ನಮ್ಮವರು ಕಾಲು ತೊಳೆದು, ಹೆಂಡತಿಯ ತವರಿನ ಗೌರವಕ್ಕೆಂದು ಒಂದು ಬಕೆಟ್ಟು. ತಮ್ಮೊಬ್ಬರಿಂದಲೇ ಅದು ಬದುಕಿದೆ ಎಂದು ಮೂವರೂ ನಂಬಿದ್ದರು.

ಎಲೆ ಹಳದಿಯಾಯಿತು, ಕುಡಿ ಜೋತುಬಿತ್ತು. ಬಾಡಿದ್ದನ್ನು ಕಂಡು ಮೂವರೂ ತಮ್ಮ ತಮ್ಮ ಪಾಲನ್ನು ಇಮ್ಮಡಿ ಮಾಡಿದರು. ಅಮಾವಾಸ್ಯೆಗೆಂದು ಪಕ್ಕದೂರು ಬಾತಿಯಿಂದ ಬಂದಿದ್ದ ನಮ್ಮವರ ಅಕ್ಕ ಗಿಡವನ್ನೂ ನನ್ನನ್ನೂ ಒಂದೇ ನೋಟದಲ್ಲಿ ಅಳೆದು, "ಹರಿಹರದ್ದು ಇಲ್ಲಿ ಹೆಂಗೆ ಬದುಕ್ತೈತೆ? ಕಿತ್ತು ಕ್ರೋಟನ್ ಹಾಕ್ರಿ" ಅಂದರು. ಮುಂದಿನ ಅಮಾವಾಸ್ಯೆಗೆ ಆ ಕ್ರೋಟನ್ನನ್ನು ತಾವೇ ತರುವುದಾಗಿ ಹೇಳಿಹೋದರು. ಆ ಮನೆಯಲ್ಲಿ ನನ್ನ ತವರಿನದೆಂದು ಇದ್ದ ಜೀವ ಆ ಮಲ್ಲಿಗೆಯೊಂದೇ.

ನಾನು ಓದಿದ ಕಾನ್ವೆಂಟಿನ ತೋಟದಲ್ಲಿ ಸಿಸ್ಟರೊಬ್ಬರು ಕಲಿಸಿದ್ದರು: ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡು, ತೇವ ತಾಗಿದರೆ ನೀರು ಹಾಕಬೇಡ. ಇಳಿಸಿದೆ. ಬೆರಳು ಕೆಸರಿನಲ್ಲಿ ಹೂತು, ಕೊಳೆತ ವಾಸನೆಯೊಂದಿಗೆ ಮೇಲೆ ಬಂತು. ನೀರು ಹೆಚ್ಚಾಗಿದೆ ಎಂದು ಮೆಲ್ಲಗೆ ಹೇಳಿದೆ. ಮಾವನವರು ಕನ್ನಡಕದ ಮೇಲಿಂದ ನೋಡಿ, "ಕಾನ್ವೆಂಟಿನಾಗೆ ಗಿಡದ ನಾಡಿ ಹಿಡಿಯೋದನ್ನೂ ಕಲಿಸ್ತಾರೇನವ್ವ?" ಎನ್ನುತ್ತ ಚೊಂಬು ಬಗ್ಗಿಸಿದರು. ನೀರು ಕೊಟ್ಟು ಪಾಪ ಕಟ್ಟಿಕೊಂಡವರನ್ನು ಅವರು ಕಂಡಿರಲಿಲ್ಲ.

ವಿಜ್ಞಾನ ಸೋತಲ್ಲಿ ನಾನು ಭಕ್ತಿಯ ಮೊರೆಹೊಕ್ಕೆ. ಬಾಡಿದ ಮಲ್ಲಿಗೆಗೆ ಸೋಮವಾರದ ವ್ರತ ಹಿಡಿಸಿದರೆ ಚಿಗುರುತ್ತದಂತೆ. ಸೋಮವಾರ ಪೂಜೆಯಾದ ಮೇಲೆ ಎರಡು ತಂಬಿಗೆ, ಉಳಿದ ದಿನ ಕಟ್ಟುನಿಟ್ಟಿನ ಉಪವಾಸ ಎಂದು ಅತ್ತೆಯವರಿಗೆ ಹೇಳಿದೆ. ಸುಳ್ಳಿನ ಅಭ್ಯಾಸವಿಲ್ಲದ ನಾಲಿಗೆ ತಡವರಿಸಿತು. ಅವರು ನನ್ನ ಮಣ್ಣಾದ ಬೆರಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ, ವಿಭೂತಿ ಬಳಿದ ಕಲ್ಲೊಂದನ್ನು ತಂದು ಗಿಡದ ಬುಡದಲ್ಲಿಟ್ಟರು.

ಅಂದಿನಿಂದ ಚೊಂಬು ಹಿಡಿದು ಬಂದವರಿಗೆ ಅಡುಗೆಮನೆಯಿಂದಲೇ ಅತ್ತೆಯವರ ಆಜ್ಞೆ: "ಅದು ಉಪಾಸ ಐತೆ. ಕೆಡಿಸಬ್ಯಾಡ್ರಿ."

ಜೀವಮಾನದಲ್ಲಿ ಒಂದು ಹೊತ್ತೂ ಉಪವಾಸವಿರದ ಮಾವನವರು ಗಿಡದೆದುರು ನಾಚಿ, ಅದನ್ನು ಸುತ್ತುಬಳಸಿ ಓಡಾಡತೊಡಗಿದರು. ನಾನು ಬುಡ ಸಡಿಲಿಸಿ ಮರಳು ಬೆರೆಸಿದೆ. ವ್ರತಕ್ಕೆ ಬೇಕು ಅಂದೆ. ಯಾವ ಶಾಸ್ತ್ರದಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಮೂರನೆಯ ಸೋಮವಾರ ಬೋಳು ಕಡ್ಡಿಯಲ್ಲಿ ಸಾಸಿವೆ ಗಾತ್ರದ ಹಸಿರು ಕಂಡಿತು. ಅಮಾವಾಸ್ಯೆಯ ಹೊತ್ತಿಗೆ ನಾಲ್ಕು ಎಲೆ. ಅತ್ತೆಯವರು ಮಗಳು ತಂದ ಕ್ರೋಟನ್ನನ್ನು ಬಹಳ ಉಪಚಾರದಿಂದ ತೆಗೆದುಕೊಂಡು ಬಚ್ಚಲ ಹಿಂದೆ ನೆಡಿಸಿದರು.

ಅಂದು ಸಂಜೆ ಅಕ್ಕಿ ಆರಿಸುತ್ತ, ಈ ವ್ರತ ಹೇಳಿಕೊಟ್ಟವರು ಯಾರೆಂದು ನನ್ನನ್ನು ಕೇಳಿದರು. ನಾನು ಮೊರದಿಂದ ಕಣ್ಣೆತ್ತದೆ, ನಾನೇ ಹುಟ್ಟಿಸಿದ್ದು ಎಂದು ಒಪ್ಪಿಕೊಂಡೆ.

"ಅದು ಅವತ್ತೇ ಗೊತ್ತಾತು ಬಿಡವ್ವ," ಅಂದರು ಅತ್ತೆಯವರು, ಕಲ್ಲೊಂದನ್ನು ಆರಿಸಿ ಎಸೆಯುತ್ತ. "ಇವರಿಗೆ ಮಾತ್ರ ಹೇಳಬ್ಯಾಡ. ನಾಳೆನೇ ಚೊಂಬು ಹಿಡ್ಕೊಂಡು ನಿಂದಿರ್ತಾರೆ."