ಆನೆ ಜಾಡಿಗೆ ಬಟನ್ ಟೈರು

ಅಪ್ಪನ ಬೈಕು ನನ್ನ ಪಾಲಿಗೆ ಬಂತು ಎಂದರೆ ಕೇಳಿದವರೆಲ್ಲ "ಎಷ್ಟು ಒಳ್ಳೆಯದಾಯಿತು" ಅನ್ನುತ್ತಾರೆ. ಒಳ್ಳೆಯದು ಏನೂ ಆಗಲಿಲ್ಲ. ಆಸ್ತಿ ಭಾಗವಾದ ದಿನ ಮನೆ, ಕಣ, ಸ್ಟೋರು, ರಸ್ತೆಗೆ ಅಂಟಿಕೊಂಡ ತೋಟ ಎಲ್ಲ ಅಣ್ಣನಿಗೆ ಹೋಯಿತು. ಗುಡ್ಡದ ನೆತ್ತಿಯ ಮೇಲಿನ ಒಂದು ತುಂಡು ಕಾಫಿ ತೋಟ ನನಗೆ. ಎಲ್ಲ ಮುಗಿದ ಮೇಲೆ ಅಣ್ಣ ಕೊಟ್ಟಿಗೆಯ ಮೂಲೆ ತೋರಿಸಿ, "ಅಪ್ಪನ ನೆನಪಿಗೆ ಅದೂ ನಿಂಗೇ ಇರ್ಲಿ, ತಗಂಡೋಗು" ಅಂದ. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಕೊಡುವಾಗ ಅವನ ಮುಖದ ಮೇಲಿದ್ದ ದೊಡ್ಡಸ್ತಿಕೆಯನ್ನು ನೋಡಬೇಕಿತ್ತು ನೀವು.

ನೂರು ಸಿಸಿಯ ಟು-ಸ್ಟ್ರೋಕ್ ಗಾಡಿ ಅದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು, ಬೆಳಗಿನ ಚಳಿಯಲ್ಲಿ ಕಿಕ್ಕರ್ ಒದ್ದೂ ಒದ್ದೂ ಕಾಲು ನೋಯಬೇಕು, ಹೊರಟ ಮೇಲೆ ಹಿಂದೆ ಬರುವವರಿಗೆ ಹೊಗೆ ಕುಡಿಸಬೇಕು. ನಾನು ಬೈಕು ಕಲಿತದ್ದು ಅದರ ಮೇಲೆಯೇ, ಹಿಂದೆ ಕೂತ ಅಪ್ಪನ ಬೈಗುಳ ಕೇಳುತ್ತಾ. ಈಗ ಬಾಳ್ಳುಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿದ ನನ್ನ ಹೊಲಿಗೆ ಅಂಗಡಿಯ ಮುಂದೆ ಅದನ್ನು ನಿಲ್ಲಿಸುತ್ತೇನೆ. ಶನಿವಾರ ಭಾನುವಾರ ಘಾಟಿ ನೋಡಲು ಬರುವ ಬೆಂಗಳೂರಿನ ಹುಡುಗರು ತಮ್ಮ ದೊಡ್ಡ ಬೈಕುಗಳನ್ನು ಪಕ್ಕಕ್ಕೆ ಹಾಕಿ, "ವಿಂಟೇಜ್" ಅಂತ ಕಣ್ಣರಳಿಸಿ ಫೋಟೊ ತೆಗೆಯುತ್ತಾರೆ. ಒಬ್ಬ ಕೇಳಿದ್ದ, "ಮೇಡಂ, ಕೊಡ್ತೀರಾ?" ಎಂದು. "ಕೊಡ್ತೀನಿ. ಜೊತೆಗೆ ದಾರಿ ಇಲ್ಲದ ತೋಟ ಒಂದಿದೆ, ಅದನ್ನೂ ತಗೋಬೇಕು" ಅಂದೆ. ತಮಾಷೆ ಅಂದುಕೊಂಡು ನಕ್ಕು ಹೋದ.

ತಮಾಷೆಯಲ್ಲ. ನನ್ನ ತೋಟಕ್ಕೆ ಹೋಗುವ ಜೀಪ್ ರಸ್ತೆ ಅಣ್ಣನ ಪಾಲಿನೊಳಗೆ ಹಾದು ಹೋಗುತ್ತದೆ. ಮಗಳಿಗೂ ಪಾಲು ಸೇರಬೇಕೆಂದು ಅವ್ವ ಹಟ ಹಿಡಿದು ಸಹಿ ಹಾಕಿದಳು. ಆಮೇಲೆ ಆ ಮನೆಯಲ್ಲಿ ಅವಳ ತಟ್ಟೆಗೆ ಅನ್ನ ಬೀಳುವ ರೀತಿ ಬದಲಾಯಿತು, ನನ್ನ ಜೊತೆ ಬಂದಳು. ಅವಳು ಬಂದ ವಾರವೇ ಅಣ್ಣ ರಸ್ತೆಗೆ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿದ. ನಾನು ಊರಿನ ಹಿರಿಯರನ್ನು ಕೂರಿಸಿದೆ.

"ಬೇರೆ ದಾರಿನೇ ಇಲ್ಲ ಅಂದ್ಮೇಲೆ ಬಿಡ್ಲೇಬೇಕಾಯ್ತದೆ ಕಣಪ್ಪ" ಎಂದು ಹಿರಿಯರು ಅಣ್ಣನಿಗೆ ಹೇಳಿದರು.

"ಹಳ್ಳದ ಪಕ್ಕ ಐತಲ್ಲ ಜಾಡು. ಅಲ್ಲಿ ಹೋಗ್ಲಿ" ಅಂದ ಅಣ್ಣ.

ಎಲ್ಲರೂ ನಕ್ಕುಬಿಟ್ಟರು. ಆ ಜಾಡು ಆನೆಗಳು ಕಾಡಿನಿಂದ ಇಳಿದೂ ಇಳಿದೂ ಮಾಡಿಕೊಂಡದ್ದು. ಕಡಿದಾದ ಕೆಂಪು ಮಣ್ಣು, ನಡುವೆ ಬಂಡೆ, ಮಳೆಗಾಲ ಪೂರ್ತಿ ಜಾರುಬಂಡಿ. "ಆನೆ ಓಡಾಡೋದನ್ನ ದಾರಿ ಅನ್ನಕಾಗ್ತದೇನೋ ಮಾರಾಯ?" ಅಂದರು ಹಿರಿಯರಲ್ಲಿ ದೊಡ್ಡವರು. ಕಾಫಿ ಹಣ್ಣಾಗುವುದರೊಳಗೆ ಮತ್ತೆ ಕೂತು ತೀರ್ಮಾನ ಮಾಡುತ್ತೇವೆ ಎಂದು ಎದ್ದರು. ಗೆದ್ದೆ ಎಂದುಕೊಂಡೇ ನಾನು ಮನೆಗೆ ಬಂದೆ.

ಅಷ್ಟರಲ್ಲಿ ಅಪ್ಪನ ವರ್ಷದ ದಿನ ಬಂತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ಜಮೀನಿನಲ್ಲೇ ಮಣ್ಣು ಮಾಡುತ್ತೇವೆ. ಅಪ್ಪನ ಸಮಾಧಿ ಇರುವುದು ಗುಡ್ಡದ ಮೇಲೆ, ಈಗ ನನ್ನದಾಗಿರುವ ತುಂಡಿನಲ್ಲಿ. ಜಾಗವನ್ನು ತಾನೇ ಆರಿಸಿಕೊಂಡಿದ್ದ. ಅವ್ವ ಅಲ್ಲಿ ಎಡೆ ಇಡಬೇಕು. ಅವಳ ಮಂಡಿ ಸವೆದುಹೋಗಿದೆ, ಅಂಗಡಿಯ ಮೂರು ಮೆಟ್ಟಿಲಿಗೇ ಬಾಗಿಲ ಚೌಕಟ್ಟು ಹಿಡಿಯುತ್ತಾಳೆ. ಆ ಗುಡ್ಡ ಹತ್ತುವ ಮಾತೇ ಇಲ್ಲ. ಅಣ್ಣ ಯಾರದೋ ಬಾಯಲ್ಲಿ ಹೇಳಿಕಳಿಸಿದ್ದ: "ಕೀ ಬೇಕಾದ್ರೆ ಅವ್ಳು ಬಂದು ಕೇಳ್ಲಿ, ಕೊಡ್ತೀನಿ."

ಆ 'ಕೇಳ್ಲಿ' ಅನ್ನುವುದು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು.

"ಕೇಳಿದ್ರೆ ನಿನ್ ಗಂಟೇನ್ ಹೋಯ್ತದೆ? ಒಡಹುಟ್ಟಿದೋನು ಅಲ್ವೇನೇ" ಅಂದಳು ಅವ್ವ.

"ನನ್ನಪ್ಪನ ಹತ್ರ ಹೋಗಕ್ಕೆ ಅವನ ಅಪ್ಪಣೆ ಯಾಕ್ ಬೇಕು?" ಅಂದೆ. ಅದೇ ಸಿಟ್ಟಿನಲ್ಲಿ ಹಾಸನಕ್ಕೆ ಬಸ್ಸು ಹತ್ತಿ ಒಂದು ಜೊತೆ ಟೈರು ತಂದೆ. ಅಂಗಡಿಯವನು ಅದಕ್ಕೆ ಡ್ಯುಯಲ್ ಸ್ಪೋರ್ಟ್ ಅಂದ, ಟಾರಿಗೂ ಆಗುತ್ತದೆ ಮಣ್ಣಿಗೂ ಆಗುತ್ತದೆ ಅಂದ. ನಮ್ಮ ಕಡೆ ಬಟನ್ ಟೈರು ಅನ್ನುತ್ತಾರೆ, ಮೈಮೇಲೆಲ್ಲ ರಬ್ಬರಿನ ದಪ್ಪ ದಪ್ಪ ಗುಂಡಿಗಳು.

ಬಾಳ್ಳುಪೇಟೆಯ ಮೆಕ್ಯಾನಿಕ್ ಟೈರನ್ನೂ ಬೈಕನ್ನೂ ನೋಡಿ ಹಲ್ಲು ಬಿಟ್ಟ. "ಅಕ್ಕ, ಅಜ್ಜಿಗೆ ಫುಟ್‌ಬಾಲ್ ಬೂಟು ಹಾಕ್ದಂಗಾಯ್ತದೆ ಕಣಕ್ಕ."

"ಅಜ್ಜಿಗೇ ಹಾಕು. ಕೂರೋಳೂ ಅಜ್ಜಿನೇ" ಅಂದೆ.

ಹಳೆಯ ಟೈರು ಕಲ್ಲಾಗಿತ್ತು. ರಿಮ್ಮಿನ ತುಕ್ಕಿಗೆ ಅಂಟಿ ಕೂತು ಜಪ್ಪಯ್ಯ ಅನ್ನಲಿಲ್ಲ. ಅವನು ಒಂದು ಕಡೆ ಲಿವರ್ ಹಾಕಿ ಮೀಟಿದರೆ ನಾನು ಇನ್ನೊಂದು ಕಡೆ ಕಾಲಿಟ್ಟು ನಿಂತೆ. ಕೊನೆಗೆ ಕಿತ್ತು ಬಂದಾಗ ಒಳಗಿನಿಂದ ಒಂದಷ್ಟು ಕೆಂಪು ಪುಡಿ ಉದುರಿತು. ರಿಮ್ ಉಜ್ಜಿ, ಹೊಸ ಟ್ಯೂಬು ಹಾಕಿ, ಅಂಚಿಗೆ ಸೋಪಿನ ನೀರು ಸವರಿ ಟೈರು ಏರಿಸಿದ. ಗಾಳಿ ತುಂಬಿದ ಮೇಲೆ ನೋಡಿದರೆ ಪಕ್ಕದಲ್ಲಿದ್ದ ಬಾಣದ ಗುರುತು ಹಿಮ್ಮುಖವಾಗಿತ್ತು. ಮತ್ತೆ ಬಿಚ್ಚಿಸಿದೆ. "ಏನ್ ಆಯ್ತದಕ್ಕ, ರೌಂಡ್ ತಾನೆ" ಎಂದು ಗೊಣಗಿದ. ರವಿಕೆಗೆ ತೋಳನ್ನು ಉಲ್ಟಾ ಹೊಲಿದರೂ ರೌಂಡೇ ಇರುತ್ತದೆ, ಹಾಕಿಕೊಂಡವಳಿಗೆ ಗೊತ್ತು ಕಷ್ಟ.

ಮೊದಲ ಪರೀಕ್ಷೆಗೆ ಒಬ್ಬಳೇ ಹೋದೆ. ಆನೆ ಆ ಕಡೆ ಇಲ್ಲ ಎಂದು ತೋಟದ ಆಳುಗಳನ್ನು ಕೇಳಿ ತಿಳಿದುಕೊಂಡು ಜಾಡಿನ ಬುಡಕ್ಕೆ ಬಂದೆ. ಟಾರಿನ ಮೇಲೆ ಆ ಟೈರು ಗುಂಯ್ ಎಂದು ಸದ್ದು ಮಾಡುತ್ತಿತ್ತು. ಮಣ್ಣಿಗಿಳಿದ ಕೂಡಲೇ ಸುಮ್ಮನಾಯಿತು. ಅರ್ಧಕ್ಕೆ ಹೋಗುವಷ್ಟರಲ್ಲಿ ಹಿಂದಿನ ಚಕ್ರ ಸುತ್ತತೊಡಗಿತು. ನಾನು ಒಂದು ಕಡೆ ಬೈಕು ಒಂದು ಕಡೆ. ಕೂತಲ್ಲೇ ಅಣ್ಣನಿಗೆ ಬಾಯಿಗೆ ಬಂದಂತೆ ಬೈದೆ. ಕೇಳಲು ಹಳ್ಳ ಒಂದೇ ಇತ್ತು. ಆಮೇಲೆ ಎದ್ದು ಎರಡೂ ಟೈರಿನ ಗಾಳಿ ಒಂದಿಷ್ಟು ಇಳಿಸಿದೆ. ಗುಂಡಿಗಳು ಮಣ್ಣನ್ನು ಕಚ್ಚಿ ಹಿಡಿದವು. ಒಂದನೇ ಗೇರಿನಲ್ಲಿ, ಎಲ್ಲೂ ಕಾಲು ಊರದೆ, ಸಮಾಧಿಯ ಪಕ್ಕಕ್ಕೇ ಹೋಗಿ ನಿಂತೆ. ಬೈಕಿನ ಬಿಸಿ ತಣಿಯುವವರೆಗೆ ಅಪ್ಪನ ಹತ್ತಿರ ಕೂತಿದ್ದೆ. ಆ ದಿನದಷ್ಟು ಖುಷಿ ನನಗೆ ಇತ್ತೀಚೆಗೆ ಆಗಿಲ್ಲ, ಸುಳ್ಳು ಯಾಕೆ ಹೇಳಲಿ.

ಒಬ್ಬಳು ಹತ್ತಿದರೆ ಆಗಲಿಲ್ಲವಲ್ಲ. ಅವ್ವನನ್ನು ಕಾಫಿ ಮಂಡಿಗೆ ಕರೆದುಕೊಂಡು ಹೋಗಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದೆ. ಮಂಡಿಯವರು ನಗುತ್ತಿದ್ದರು, ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಿದ್ದಳು. ಒಂದು ಮೂಟೆ ಕಾಫಿಗಿಂತ ಕಮ್ಮಿ ಇದ್ದಳು. ತಕ್ಕಡಿಯ ಅಂಕಿ ಓದಿ ನನಗೆ ನಗು ಬರಲಿಲ್ಲ. ನಾವು ಚಿಕ್ಕವರಿದ್ದಾಗ ಅಂಥ ಮೂಟೆಯನ್ನು ತಲೆಯ ಮೇಲೆ ಹೊತ್ತು ಕಣದಿಂದ ಸ್ಟೋರಿಗೆ ಸಾಗಿಸುತ್ತಿದ್ದ ಹೆಂಗಸು ಅವಳು.

ಅವಳಷ್ಟೇ ತೂಕದ ಮರಳನ್ನು ಗೋಣಿಚೀಲಕ್ಕೆ ತುಂಬಿ ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದೆ. ಎರಡನೇ ಪರೀಕ್ಷೆಯಲ್ಲಿ ಮೊದಲ ಬಂಡೆ ಹತ್ತುತ್ತಲೇ ಸುಟ್ಟ ರಬ್ಬರಿನ ವಾಸನೆ ಬಂತು. ಹೊರೆ ಬಿದ್ದು ಸೀಟು ಕುಸಿದಾಗ ಹೊಸ ಟೈರಿನ ಗುಂಡಿಗಳು ಹಿಂದಿನ ಮಡ್‌ಗಾರ್ಡಿಗೆ ಉಜ್ಜುತ್ತಿದ್ದವು. ಹಳೆಯ ಟೈರಿಗಿಂತ ದಪ್ಪ, ಅಪ್ಪನ ಕಾಲದ ಗಾಡಿಯಲ್ಲಿ ಅಷ್ಟು ಜಾಗ ಇಲ್ಲ.

"ಮಡ್‌ಗಾರ್ಡ್ ಕತ್ತರಿಸ್ಬೇಕಕ್ಕ. ಆಮೇಲೆ ಆ ಬೆಂಗ್ಳೂರಿನೋರು ಫೋಟೊ ತೆಗ್ಯಲ್ಲ ನೋಡು" ಅಂದ ಮೆಕ್ಯಾನಿಕ್.

ನಾನು ಎರಡು ದಿನ ತಡೆದೆ. ಆಯುಧಪೂಜೆಯ ದಿನ ಅಪ್ಪ ಎಲ್ಲಕ್ಕಿಂತ ಮೊದಲು ವಿಭೂತಿ ಎಳೆಯುತ್ತಿದ್ದದ್ದು ಆ ಮಡ್‌ಗಾರ್ಡಿನ ಮೇಲೆ. ಅಲ್ಲಿ ಬಣ್ಣ ಉಜ್ಜಿ ಉಜ್ಜಿ ಮಾಸಿತ್ತು. ಕೊನೆಗೆ ಕತ್ತರಿಸಲು ಹೇಳಿ ಮುಖ ಆ ಕಡೆ ತಿರುಗಿಸಿ ನಿಂತೆ. ಮರಳಿನ ಮೂಟೆ ಹೊತ್ತು ಬೈಕು ಅಲುಗದೆ ಮೇಲೆ ಹೋಯಿತು.

ಅಪ್ಪನ ದಿನ ಅವ್ವ ಅಡ್ಡ ಕೂತು, ಮಡಿಲಲ್ಲಿ ಎಡೆಯ ಡಬ್ಬಿ ಇಟ್ಟುಕೊಂಡು, ಒಂದು ಕೈಯಲ್ಲಿ ನನ್ನ ಸೊಂಟ ಬಿಗಿಯಾಗಿ ಹಿಡಿದಳು. ಜಾಡಿನ ಉದ್ದಕ್ಕೂ "ಶಿವಾ ಶಿವಾ" ಬಿಟ್ಟು ಬೇರೆ ಮಾತಿಲ್ಲ. ಮೇಲೆ ತಲುಪಿ ಅವಳನ್ನು ಇಳಿಸಿದರೆ ಅಣ್ಣ ಅಲ್ಲಿದ್ದ. ಗೇಟು ತೆಗೆದು ತನ್ನ ಜೀಪಿನಲ್ಲಿ ಎಡೆ ತಂದಿದ್ದ. ಅವನ ಅಪ್ಪನೂ ಹೌದಲ್ಲ, ಬರಲೇಬೇಕು.

ಜಗಳಕ್ಕೆ ನಾನು ಸೆರಗು ಬಿಗಿದೇ ಇಳಿದಿದ್ದೆ. ಅವನು ಜಗಳ ಆಡಲಿಲ್ಲ. ಬೈಕಿನ ಸುತ್ತ ಒಂದು ಸುತ್ತು ಬಂದ. ಟೈರಿನ ಗುಂಡಿಯನ್ನು ಬೆರಳಿನಿಂದ ಒತ್ತಿ ನೋಡಿದ.

"ಅವ್ವಾ, ಇದ್ರಲ್ಲೇ ಬಂದ್ಯಾ? ಹಳ್ಳದ ಕಡೆಯಿಂದ?"

"ಹೂಂ ಕಣಪ್ಪ" ಅಂದಳು ಅವ್ವ. ಮಗ ತಾನಾಗಿ ಮಾತಾಡಿಸಿದ್ದು ಎಷ್ಟೋ ತಿಂಗಳ ಮೇಲೆ. ಅವಳ ದನಿಯೇ ಅರಳಿತ್ತು. "ಒಂಚೂರೂ ಅಲ್ಲಾಡ್ದಂಗೆ ಕರ್ಕಂಡ್ ಬಂದ್ಬುಟ್ಲು. ಕಾರಲ್ಲಿ ಕೂತಂಗಿತ್ತು."

"ಭೇಷ್" ಅಂದ ಅಣ್ಣ. ಫೋನು ತೆಗೆದು, "ನಿಂತ್ಕಳಿ ಇಬ್ರೂ, ಒಂದು ಫೋಟೊ" ಅಂದ. ಅವ್ವ ಸೀಟಿನ ಮೇಲೆ ಕೈ ಇಟ್ಟು ನಿಂತಳು. ನಾನು ಪಕ್ಕದಲ್ಲಿ ನಿಂತೆ. ನಿಂತದ್ದು ಮಾತ್ರವಲ್ಲ, ನಕ್ಕೆ. ಅಪ್ಪನ ಮುಂದೆ ಅಣ್ಣ ಕೊನೆಗೂ ಸೋತು ನನ್ನನ್ನು ಮೆಚ್ಚಿದ ಎಂದುಕೊಂಡು ಹಲ್ಲು ಕಾಣುವ ಹಾಗೆ ನಕ್ಕೆ.

ಕಾಫಿ ಕೆಂಪಾಗುವ ಮೊದಲು ಹಿರಿಯರು ಹೇಳಿದಂತೆ ಮತ್ತೆ ಕೂತರು. ಅಣ್ಣ ಫೋನು ಮುಂದೆ ಚಾಚಿದ. ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಆಮೇಲೆ ಎಲ್ಲರನ್ನೂ ಜಾಡಿನ ಬುಡಕ್ಕೆ ಕರೆದುಕೊಂಡು ಹೋದ. ಮಳೆ ಬಿಟ್ಟು ಮಣ್ಣು ಒಣಗಿತ್ತು. ಬಟನ್ ಟೈರಿನ ಗುರುತು ಇಟ್ಟಿಗೆಗೆ ಅಚ್ಚು ಒತ್ತಿದ ಹಾಗೆ ಕೆಳಗಿನಿಂದ ಕಣ್ಣು ಹರಿಯುವವರೆಗೂ ಕೂತಿತ್ತು. ಒಬ್ಬಳೇ ಹೋದದ್ದು, ಬಿದ್ದದ್ದು, ಮರಳು ಹೊತ್ತದ್ದು, ಅವ್ವನನ್ನು ಹೊತ್ತದ್ದು, ಎಲ್ಲ ಅಲ್ಲೇ ಇತ್ತು.

"ದಾರಿ ಐತಲ್ಲವ್ವ. ನೀನೇ ಮಾಡ್ಕಂಡಿದೀಯ" ಅಂದರು ದೊಡ್ಡವರು. ಆವತ್ತು ಆನೆ ಓಡಾಡೋದು ದಾರಿಯಾ ಎಂದು ಕೇಳಿದ್ದವರು ಅವರೇ.

ನಾನು ಕೂಗಾಡಿದೆ. ಕಾಫಿ ಮೂಟೆಗೆ ಜೀಪು ಬೇಡವೇ, ಗೊಬ್ಬರ ಹೇಗೆ ತರಲಿ, ಆಳುಗಳು ಹೇಗೆ ಬರಬೇಕು, ಆನೆ ಎದುರಾದರೆ ಏನು ಗತಿ ಎಂದೆ.

"ಅವ್ವನ್ನೇ ಹೊತ್ತ ಗಾಡಿ ಮೂಟೆ ಹೊರಲ್ವಾ?" ಅಂದ ಅಣ್ಣ. ಹೊರುತ್ತದೆ ಎಂದು ತೂಕ ಹಾಕಿ, ಹಗ್ಗ ಕಟ್ಟಿ ಪರೀಕ್ಷೆ ಮಾಡಿದವಳು ನಾನೇ. ದೊಡ್ಡವರು ಅವ್ವನ ಕಡೆ ತಿರುಗಿ, "ನೀವು ಹೆಂಗ್ ಹೋದ್ರಿ ಹೇಳಿ ತಾಯಿ" ಅಂದರು. ಅವಳು ನನ್ನ ಮುಖ ನೋಡಿದಳು, ಮಗನ ಮುಖ ನೋಡಿದಳು. ಅವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ. "ಅದ್ರಲ್ಲೇ ಹೋದ್ವಿ" ಅಂದು ತಲೆ ತಗ್ಗಿಸಿದಳು. ಹಿರಿಯರು ಎದ್ದರು, ಗೇಟಿನ ಬೀಗ ಹಾಗೇ ಉಳಿಯಿತು.

ಕೀ ಕೇಳಿದ್ದರೆ ಅವನ ಬೀಗವೇ ನನ್ನ ಸಾಕ್ಷಿಯಾಗುತ್ತಿತ್ತು. ಬೀಗ ಇರುವಷ್ಟು ದಿನ ನನಗೆ ದಾರಿ ಇಲ್ಲ, ದಾರಿ ಇಲ್ಲದಷ್ಟು ದಿನ ಅವನು ಬಿಡಲೇಬೇಕು. ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆಯಲಿಲ್ಲ. ಅವನಿಗೆ ಟೈರಿನ ಗುಂಡಿ ಮುಟ್ಟಿದ ಕೂಡಲೇ ಹೊಳೆಯಿತು. ಅವನ ಮೇಲಿನ ಸಿಟ್ಟು ಹಾಗೇ ಇದೆ, ಅದನ್ನು ಯಾರೂ ಇಳಿಸುವುದು ಬೇಡ.

ಈಗ ಕೊಯ್ಲು. ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ ಹೋಗುತ್ತೇನೆ. ಅವ್ವ ಕೂತಿದ್ದ ಸೀಟಿಗೆ ಹಣ್ಣಿನ ಮೂಟೆ ಬಿಗಿದು ಒಂದೊಂದಾಗಿ ಇಳಿಸುತ್ತೇನೆ. ಮೆಕ್ಯಾನಿಕ್ ಟೈರು ನೋಡಿ, "ಎಂಥ ಮಾಲು ಕಣಕ್ಕ, ಸವ್ದೇ ಇಲ್ಲ" ಅನ್ನುತ್ತಾನೆ. ನಿಜ. ಬಂಡೆಯ ಪಕ್ಕದ ಕೊರಕಲು ನಾನು ಓಡಾಡಿದ್ದಕ್ಕೇ ಮುಚ್ಚಿಕೊಂಡಿದೆ, ಕಡಿದಾದ ಕಡೆ ಮಣ್ಣು ಗಟ್ಟಿಯಾಗಿ ಕೂತಿದೆ, ಮೊನ್ನೆ ಯಾರೋ ಅದೇ ಜಾಡಿನಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ನಾನು ಒಂದೊಂದು ಮೂಟೆ ಇಳಿಸಿದಾಗಲೂ ಅಣ್ಣನ ಮಾತು ಇನ್ನಷ್ಟು ನಿಜವಾಗುತ್ತಿದೆ.